ವರ್ಗದ ಲೆಕ್ಕ ಏಕೆ ಬೇಕು?

ಸಂಘದ ಸದಸ್ಯರಿಗೆ ತಲಾ 100 ಅಂಕ ಕೊಟ್ಟು ಪ್ರಸ್ತಾವಗಳಿಗೆ ಇಷ್ಟಬಂದಂತೆ ಹಂಚಲು ಬಿಟ್ಟರೆ ಸಾಲದೇ, ಒಂದು ಪ್ರಸ್ತಾವಕ್ಕೆ ಹಾಕಿದ ಮತಗಳ ಸಂಖ್ಯೆಯ ವರ್ಗದಷ್ಟು (ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿದಷ್ಟು) ಅಂಕ ಕಳೆಯುವ ಕ್ವಾಡ್ರಾಟಿಕ್ ಮತದಾನದ ಗೋಜು ಏಕೆ ಎಂದು ಕೇಳಿದ್ದೀರಿ. ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ. ನೇರ ಹಂಚಿಕೆಯಲ್ಲಿ ಮೊದಲನೆಯ ಮತಕ್ಕೂ ಹತ್ತನೆಯ ಮತಕ್ಕೂ ಒಂದೇ ಬೆಲೆಯಿರುವುದರಿಂದ, ಲೆಕ್ಕ ಬಲ್ಲ ಮತದಾರರು ಅಂಕಗಳನ್ನೆಲ್ಲ ಒಂದೇ ಪ್ರಸ್ತಾವದ ಮೇಲೆ ಸುರಿದುಬಿಡುತ್ತಾರೆ; ಉಳಿದ ವಿಷಯಗಳ ಬಗ್ಗೆ ಅವರಿಗೆಷ್ಟು ಕಾಳಜಿಯಿತ್ತು ಎಂಬುದು ತಿಳಿಯುವುದೇ ಇಲ್ಲ. ವರ್ಗದ ಲೆಕ್ಕದಲ್ಲಾದರೋ ಒಂದು ಮತಕ್ಕೆ 1, ಎರಡಕ್ಕೆ 4, ಮೂರಕ್ಕೆ 9 ಅಂಕ ಖರ್ಚಾಗುತ್ತಾ ಹೋಗಿ, ಹತ್ತನೆಯ ಮತವೊಂದಕ್ಕೇ 19 ಅಂಕ ತೆರಬೇಕಾಗುತ್ತದೆ. ಎಲ್ಲವನ್ನೂ ಒಂದಕ್ಕೇ ಹಾಕಿದವರಿಗೆ 10 ಮತ. ನಾಲ್ಕು ಪ್ರಸ್ತಾವಗಳಿಗೆ 25ರಂತೆ ಹಂಚಿದವರಿಗೆ ಒಟ್ಟು 20.

2019ರಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯದ ಕೆಳಮನೆಯ ಡೆಮಾಕ್ರಟಿಕ್ ಶಾಸಕರು, ಅನುದಾನ ಬೇಡುತ್ತಿದ್ದ ಅನೇಕ ಮಸೂದೆಗಳಲ್ಲಿ ಯಾವುದಕ್ಕೆ ಆದ್ಯತೆ ಕೊಡಬೇಕೆಂದು ತಿಳಿಯಲು ತಲಾ 100 ಟೋಕನ್‌ಗಳೊಂದಿಗೆ ಇದೇ ಕ್ರಮವನ್ನು ಅನುಸರಿಸಿದರು. ಸಮಾನ ಕೆಲಸಕ್ಕೆ ಸಮಾನ ವೇತನದ ಮಸೂದೆ ಮೊದಲ ಸ್ಥಾನ ಪಡೆಯಿತು. ಅಂತಿಮ ತೀರ್ಮಾನ ಮಾತ್ರ ಎಂದಿನ ಶಾಸನ ಪ್ರಕ್ರಿಯೆಗೇ ಉಳಿದಿತ್ತು, ಮತ್ತು ಅದು ಸರಿಯೇ.

ಆದರೆ ಒಳಒಪ್ಪಂದದ ಬಗ್ಗೆ ಎಚ್ಚರವಿರಲಿ. ಇಬ್ಬರು ಸದಸ್ಯರು ಮಾತಾಡಿಕೊಂಡು, ತಮ್ಮ ಪ್ರಸ್ತಾವಕ್ಕೂ ಇನ್ನೊಬ್ಬರದಕ್ಕೂ ಏಳೇಳು ಮತ ಹಾಕಿದರೆ ತಲಾ 98 ಅಂಕದಲ್ಲಿ ಎರಡೂ ಪ್ರಸ್ತಾವಗಳಿಗೆ 14 ಮತ ಬೀಳುತ್ತದೆ. ಒಬ್ಬೊಬ್ಬರೇ ಹಾಕಿದ್ದರೆ 10ಕ್ಕಿಂತ ಹೆಚ್ಚು ಸಿಗುತ್ತಿರಲಿಲ್ಲ. ಆದ್ದರಿಂದ ಯಾರು ಕೊಟ್ಟ ಮಾತಿನಂತೆ ನಡೆದರೆಂದು ತಿಳಿಯದಂತೆ ಮತದಾನ ಗುಪ್ತವಾಗಿರಬೇಕು, ಒಬ್ಬರ ಹೆಸರಿನಲ್ಲಿ ಎರಡು ಖಾತೆ ಇರದಂತೆ ಸದಸ್ಯರ ಪಟ್ಟಿಯನ್ನು ಮೊದಲೇ ಪರಿಶೀಲಿಸಬೇಕು.