ಮಣ್ಣಿನ ಲೆಕ್ಕ ಕೊಡದ ಗಾರ್ಡನ್ ಕಂಟ್ರಾಕ್ಟರಿಗೆ ಅಡ್ವಾನ್ಸ್ ಯಾಕೆ?

ಪ್ರಶ್ನೆ: ಬೆಂಗಳೂರಿನಲ್ಲಿ ಹೊಸ ಮನೆ ಮುಗಿದಿದೆ. ಮುಂದೆ, ಪಕ್ಕ ಸೇರಿ 600 ಚದರ ಅಡಿ ಖಾಲಿ ಜಾಗ ಇದೆ. ಗಾರ್ಡನ್ ಕಂಟ್ರಾಕ್ಟರ್ ಒಬ್ಬರು 3ಡಿ ಚಿತ್ರ ತೋರಿಸಿ, ಹುಲ್ಲು, ಗಿಡ, ಲೈಟು ಎಲ್ಲ ಸೇರಿ ಚದರ ಅಡಿಗೆ ಇಷ್ಟು ಎಂದಿದ್ದಾರೆ. 70% ಅಡ್ವಾನ್ಸ್ ಬೇಕಂತೆ. ರೇಟು ಸರಿಯಾಗಿದೆಯೇ?

ಆ ರೇಟಿಗೆ ಎಷ್ಟು ಮಣ್ಣು ಬರುತ್ತದೆ ಎಂದು ಅವರು ಬರೆದುಕೊಟ್ಟಿಲ್ಲ, ನೀವೂ ಕೇಳಿಲ್ಲ. ಮತ್ತೆ ರೇಟು ಸರಿಯೋ ತಪ್ಪೋ ಹೇಳುವುದು ಹೇಗೆ? ಇಂಥ ಪತ್ರಗಳ ಜೊತೆ 3ಡಿ ಚಿತ್ರ ತಪ್ಪದೆ ಬರುತ್ತದೆ, ಮಣ್ಣಿನ ಲೆಕ್ಕ ಮಾತ್ರ ಬರುವುದೇ ಇಲ್ಲ. ಚಿತ್ರದಲ್ಲಿ ಲ್ಯಾವೆಂಡರ್ ಸಾಲು ಕಂಡರೆ ಅಲ್ಲಿಗೇ ಮಾತು ನಿಲ್ಲಿಸಿ. ನಮ್ಮ ಮಳೆಗಾಲದ ತೇವಕ್ಕೆ ಅದರ ಬೇರು ಕೊಳೆಯುತ್ತದೆ ಎಂದು ತಿಳಿಯದವರು ಉಳಿದದ್ದನ್ನೂ ಇಂಟರ್‌ನೆಟ್ಟಿನಿಂದಲೇ ಎತ್ತಿರುತ್ತಾರೆ.

ಹೊಸ ಮನೆಯ ಅಂಗಳದಲ್ಲಿ ಮೇಲಿನ ಒಂದು ಅಡಿ ಮಣ್ಣೇ ಅಲ್ಲ. ಇಟ್ಟಿಗೆ ಚೂರು, ಗಾರೆ, ಟೈಲ್ಸ್ ತುಂಡು, ಸಿಮೆಂಟ್ ಕಲಸಿದ ಜಾಗದ ಗಟ್ಟಿ ಪದರ. ಅದರ ಮೇಲೆ ಎರಡಿಂಚು ಕೆಂಪು ಮಣ್ಣು ಹರಡಿ ಹುಲ್ಲು ಹಾಸಿದರೆ ಮೊದಲ ತಿಂಗಳು ಚಂದ. ಆಮೇಲೆ ಸಿಮೆಂಟಿನ ಸುಣ್ಣದಿಂದ ಮಣ್ಣು ಕ್ಷಾರವಾಗಿ, ಗಿಡಕ್ಕೆ ಕಬ್ಬಿಣದ ಅಂಶ ಸಿಗದೆ, ನರ ಹಸಿರಾಗೇ ಉಳಿದು ಎಳೆಯ ಎಲೆ ಹಳದಿಯಾಗುತ್ತದೆ. ಕಂಟ್ರಾಕ್ಟರ್ ಆಗ ಯೂರಿಯಾ ಹಾಕಿಸುತ್ತಾರೆ. ರೋಗ ಒಂದು, ಮದ್ದು ಇನ್ನೊಂದು.

ಕೊಟೇಶನ್ನಿನಲ್ಲಿ ಮೊದಲ ಸಾಲು ಹೀಗಿರಲಿ: 9 ಇಂಚು ಅಗೆದು ಅವಶೇಷ ಸಾಗಿಸುವುದು. 600 ಚದರ ಅಡಿಗೆ 9 ಇಂಚು ಎಂದರೆ 450 ಘನ ಅಡಿ. ಸಡಿಲ ಮಣ್ಣು ನೀರು ಕುಡಿದ ಮೇಲೆ ಕುಸಿಯುತ್ತದೆ, ಆದ್ದರಿಂದ 550 ಘನ ಅಡಿಯಾದರೂ ಬರಬೇಕು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ‘ಎರಡು ಲೋಡು’ ಎಂಬ ಮಾತಿಗೆ ಅರ್ಥವಿಲ್ಲ. ಟ್ರ್ಯಾಲಿಯ ಉದ್ದ, ಅಗಲ, ಎತ್ತರ ಟೇಪು ಹಿಡಿದು ಅಳೆಯಿರಿ. ಗೊಬ್ಬರ ಬಿಸಿಯಿದ್ದರೆ, ಸೆಗಣಿ ವಾಸನೆ ಬಂದರೆ ವಾಪಸ್ ಕಳಿಸಿ.

ಬಂದ ಮಣ್ಣಿನಲ್ಲಿ ಜೇಕು ಎಂಬ ಕಳೆ ಇರುವುದು ಗ್ಯಾರಂಟಿ. ಕೊನ್ನಾರಿ ಗಡ್ಡೆ ಎಂದರೂ ಅದೇ. ಮಣ್ಣು ಹರಡಿ, ನೀರು ಹಾಯಿಸಿ, ಎರಡು-ಮೂರು ವಾರ ಸುಮ್ಮನೆ ಬಿಡಿ. ಮೊಳೆತದ್ದನ್ನು ಗಡ್ಡೆ ಸಮೇತ ಅಗೆದು ತೆಗೆಸಿ. ಎಲೆ ಹಿಡಿದು ಎಳೆದರೆ ಕುತ್ತಿಗೆ ಮುರಿದು ಗಡ್ಡೆ ಒಳಗೇ ಉಳಿಯುತ್ತದೆ. ಇನ್ನೊಂದು ಸಲ ನೀರು ಹಾಯಿಸಿ, ಮತ್ತೆ ತೆಗೆಸಿ. ‘ಮೂರು ದಿನದಲ್ಲಿ ಹುಲ್ಲು ಹಾಸಿ ಕೊಡುತ್ತೇವೆ’ ಎನ್ನುವವರು ಜೇಕನ್ನೂ ಸೇರಿಸಿಯೇ ಕೊಡುತ್ತಾರೆ.

ಇನ್ನು ಮಟ್ಟ. ಹತ್ತು ಅಡಿಗೆ ಒಂದೂವರೆಯಿಂದ ಎರಡು ಇಂಚು ಇಳಿಜಾರು, ಮನೆಯಿಂದ ಹೊರಮುಖವಾಗಿ. ಮಣ್ಣು ಗೋಡೆಯ ಡಿಪಿಸಿಗಿಂತ, ಅಂದರೆ ನೆಲದ ತೇವ ಗೋಡೆಗೆ ಏರದಂತೆ ತಡೆಯುವ ಪದರಕ್ಕಿಂತ, ಆರಿಂಚು ಕೆಳಗೇ ನಿಲ್ಲಬೇಕು, ಇಲ್ಲದಿದ್ದರೆ ಒಳಗೋಡೆಯ ಪೇಂಟು ಉಬ್ಬುತ್ತದೆ, ಗೆದ್ದಲಿಗೆ ದಾರಿಯಾಗುತ್ತದೆ. ಸಂಪಿನ ಕಟ್ಟೆಯೂ ಹುಲ್ಲಿಗಿಂತ ಆರಿಂಚು ಮೇಲಿರಲಿ. ಹುಲ್ಲಿನ ಸಮಕ್ಕೆ ಮುಚ್ಚಳ ಕೂರಿಸಿ ‘ಫಿನಿಶಿಂಗ್’ ಎನ್ನುತ್ತಾರಲ್ಲ, ಮೊದಲ ಜೋರು ಮಳೆಗೆ ಗೊಬ್ಬರದ ನೀರು ನಿಮ್ಮ ಸಂಪಿಗೇ ಇಳಿಯುತ್ತದೆ. ಚರಂಡಿ ಚೇಂಬರುಗಳ ಮೇಲೂ ಮಣ್ಣು ಬೀಳಕೂಡದು. ಕಲ್ಲು ಹಾಸುವ ಮುಂಚೆ ಅಡಿಯಲ್ಲಿ ಎರಡಿಂಚಿನ ಪಿವಿಸಿ ಪೈಪು ಅಡ್ಡ ಹಾಕಿಸಿ, ನಾಳೆ ನೀರಿನ ಲೈನು, ವೈರು ಎಳೆಯಲು ಕಲ್ಲು ಕೀಳುವುದು ತಪ್ಪುತ್ತದೆ.

ಹಳೇ ಮಣ್ಣಿನ ಪರೀಕ್ಷೆಗೆ ಒಂದು ಅಡಿ ಗುಂಡಿ ತೋಡಿ ನೀರು ತುಂಬಿ. ಇಂಗಿದ ಮೇಲೆ ಮತ್ತೆ ತುಂಬಿ. ಎರಡನೇ ಸಲ ಗಂಟೆಗೆ ಒಂದು ಇಂಚಾದರೂ ಇಳಿಯದಿದ್ದರೆ ಮಣ್ಣಿನಡಿ ಜಲ್ಲಿ ತುಂಬಿದ ಡ್ರೈನ್ ಬೇಕು, ಅದೂ ಕೊಟೇಶನ್ನಿನಲ್ಲೇ ಬರಬೇಕು.

ಗಿಡಗಳನ್ನು ‘ಪಾಮ್ 6’ ಎಂದು ಬರೆಯುವುದಲ್ಲ. ಜಾತಿ, ಬ್ಯಾಗಿನ ಅಳತೆ, ಎತ್ತರ, ಮೂರೂ ಬೇಕು. ನೆಡುವ ಮುಂಚೆ ಒಂದೆರಡು ಬ್ಯಾಗು ಬಿಚ್ಚಿ ನೋಡಿ. ಬೇರು ತಳದಲ್ಲಿ ಸುರುಳಿ ಸುತ್ತಿದ್ದರೆ ಅದು ನರ್ಸರಿಯಲ್ಲಿ ಮಾರಾಟವಾಗದೆ ಕೂತ ಮಾಲು.

ಅಡ್ವಾನ್ಸ್ 20%. ಮಣ್ಣು ಮಟ್ಟವಾದ ಮೇಲೆ ಅರ್ಧ ಗಂಟೆ ಪೈಪಿನಲ್ಲಿ ನೀರು ಬಿಡಿ. ಇನ್ನೊಂದು ಗಂಟೆಯಾದರೂ ಎಲ್ಲಾದರೂ ನೀರು ನಿಂತಿದ್ದರೆ ಎರಡನೇ ಕಂತು ಇಲ್ಲ. ಇಳಿದು ಹೋದರೆ 30%. ನೆಟ್ಟ ಮೇಲೆ 30%. ಉಳಿದ 20% ಮೂರು ತಿಂಗಳು ಕಳೆದು, ಒಂದು ಒಳ್ಳೆಯ ಮಳೆ ನೋಡಿದ ಮೇಲೆ. ಒಪ್ಪದವರನ್ನು ಬಿಡಿ. 70% ಕೊಟ್ಟ ಮೇಲೆ ಫೋನ್ ಎತ್ತುವುದಿಲ್ಲ ಎಂದು ನನಗೆ ಬರೆಯಬೇಡಿ.

ಒಂದು ಮಾತು, ನೀವು ಕೇಳದಿದ್ದರೂ: 600 ಚದರ ಅಡಿ ಹುಲ್ಲಿಗೆ ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ಎಂದರೂ ಸುಮಾರು 280 ಲೀಟರ್ ನೀರು ಬೇಕು. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಎಂದದ್ದು ನೆನಪಿರಲಿ. ಹುಲ್ಲು 200 ಚದರ ಅಡಿಗೆ ಇಳಿಸಿ.

ಪ್ರಶ್ನೆ: ಮಾವಿನ ಮರದ ಕೆಳಗೆ ಮೆಕ್ಸಿಕನ್ ಗ್ರಾಸ್ ಹಾಸಿಕೊಡುತ್ತೇವೆ ಎನ್ನುತ್ತಾರೆ. ಬರುತ್ತದೆಯೇ?

ಇಲ್ಲ. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಇಲ್ಲದಲ್ಲಿ ಅದು ತೆಳುವಾಗಿ ಸಾಯುತ್ತದೆ.

ಪ್ರಶ್ನೆ: ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಎಂಬ ಬೋರ್ಡು ಇದ್ದರೆ ನಂಬಬಹುದೇ?

ಬೋರ್ಡನ್ನಲ್ಲ, ಡಿಗ್ರಿ ನೋಡಿ. 1972ರ ಆರ್ಕಿಟೆಕ್ಟ್ಸ್ ಕಾಯ್ದೆ ನೋಂದಣಿ ಇಲ್ಲದವರು ಆರ್ಕಿಟೆಕ್ಟ್ ಎನ್ನಿಸಿಕೊಳ್ಳುವುದನ್ನು ತಡೆಯುತ್ತದೆ, ಆದರೆ ‘ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್’ ಎಂಬ ಹೆಸರಿಗೆ 37ನೇ ಸೆಕ್ಷನ್ನಿನಲ್ಲೇ ವಿನಾಯಿತಿ ಇದೆ. ನಿಮ್ಮ 600 ಅಡಿಗೆ ಅವರು ಬೇಕಾಗಿಯೂ ಇಲ್ಲ. ಮೂರು ವರ್ಷ ಹಳೆಯ ಎರಡು ತೋಟ ತೋರಿಸಬಲ್ಲ ಕಂಟ್ರಾಕ್ಟರ್ ಸಾಕು. ಹೋದ ತಿಂಗಳು ಮಾಡಿದ್ದನ್ನು ತೋರಿಸಿದರೆ ಲೆಕ್ಕಕ್ಕಿಲ್ಲ.

ಪ್ರಶ್ನೆ: ಅಂಗಳದ ಮರವನ್ನು ಭಾನುವಾರ ಬೆಳಗ್ಗೆ ಬೇಗ ಕಡಿದುಬಿಡೋಣ ಎಂದು ಕಂಟ್ರಾಕ್ಟರ್ ಹೇಳುತ್ತಾರೆ.

1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಾಗದ ಮರಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. ವಿನಾಯಿತಿ ಪಡೆದ ಜಾತಿಗಳು ಕೆಲವು ಇವೆ, ನಿಮ್ಮದು ಅದರಲ್ಲಿದೆಯೇ ಎಂದು ಅವರ ಕಚೇರಿಯಲ್ಲೇ ಕೇಳಿ. ಕೇಸಾದರೆ ಅಂಗಳ ನಿಮ್ಮದು, ಕಂಟ್ರಾಕ್ಟರದ್ದಲ್ಲ.

ಪ್ರಶ್ನೆ: ಹಾವು ಬಾರದಂತೆ ಬೇಲಿಗೆ ಯಾವ ಗಿಡ ಹಾಕಿಸಲಿ?

ಅಂಥ ಗಿಡ ಇಲ್ಲ. ಅದನ್ನು ಮಾರುವವರು ಬಹಳ ಇದ್ದಾರೆ. ಮನೆ ಕಟ್ಟಿ ಉಳಿದ ಕಲ್ಲು, ಇಟ್ಟಿಗೆ ರಾಶಿ ಸಾಗಿಸಿ, ಇಲಿ ಕಡಿಮೆ ಮಾಡಿ, ಚರಂಡಿ ಬಾಯಿಗೆ ಜಾಲರಿ ಹಾಕಿಸಿ.

ಪ್ರಶ್ನೆ: ಕಳೆ ಸಾಯಲು ಉಪ್ಪು ನೀರು ಹಾಕಿದರೆ?

ಕಳೆ ಸಾಯುತ್ತದೆ, ಆಮೇಲೆ ನೆಟ್ಟದ್ದೂ ಸಾಯುತ್ತದೆ.