ಬೆಕ್ಕಿಗೆ ಕಾಲು ಮಾತ್ರೆಯೂ ಬೇಡ

ನಾಯಿ, ಬೆಕ್ಕುಗಳ ವಿಷಬಾಧೆಯ ಬಗ್ಗೆ ನನಗೆ ಬರುವ ಪತ್ರಗಳಲ್ಲಿ ಬಹುಪಾಲು ಅವೇ ಐದಾರು ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತವೆ. ಚಾಕೊಲೇಟ್ ಕೊಡಬಾರದೆಂಬುದನ್ನು ಇನ್ನೊಮ್ಮೆ ಬರೆಯುವ ತಾಳ್ಮೆ ನನಗಿಲ್ಲ. ಅದು ಈಗ ಶಾಲೆಯ ಮಕ್ಕಳಿಗೂ ಗೊತ್ತು. ಮೊದಲ ಪ್ರಶ್ನೆಗೆ ಮಾತ್ರ ವಿವರವಾಗಿ ಉತ್ತರಿಸುತ್ತೇನೆ, ಏಕೆಂದರೆ ಆ ಒಂದು ತಪ್ಪಿನಿಂದ ಸತ್ತ ಬೆಕ್ಕುಗಳನ್ನು ನಾನು ನನ್ನ ಚಿಕಿತ್ಸೆಯ ಮೇಜಿನ ಮೇಲೆಯೇ ನೋಡಿದ್ದೇನೆ.

ಪ್ರಶ್ನೆ: ನಮ್ಮ ಬೆಕ್ಕಿನ ಮೈ ಎರಡು ದಿನದಿಂದ ಬಿಸಿಯಾಗಿದೆ, ಊಟವೂ ಕಡಿಮೆ. ಮನೆಯಲ್ಲಿ ಮಗುವಿಗೆಂದು ತಂದ ಪ್ಯಾರಾಸಿಟಮಾಲ್ ಸಿರಪ್ ಇದೆ. ಬೆಕ್ಕಿಗೆ ಎಷ್ಟು ಹಾಕಬಹುದು?

ಉತ್ತರ: ಒಂದು ಹನಿಯನ್ನೂ ಹಾಕಬಾರದು. ಬೆಕ್ಕಿಗೆ ಸುರಕ್ಷಿತವಾದ ಪ್ಯಾರಾಸಿಟಮಾಲ್ ಪ್ರಮಾಣ ಎಂಬುದೇ ಇಲ್ಲ.

ಮೊದಲು ಆ ‘ಮೈ ಬಿಸಿ’ಯನ್ನು ನೋಡೋಣ. ನಮ್ಮ ಸಹಜ ಉಷ್ಣತೆ 98.6 ಡಿಗ್ರಿ ಫ್ಯಾರನ್‌ಹೀಟ್ ಎಂದು ಎಣಿಸಿದರೆ ಬೆಕ್ಕಿನದು ಸುಮಾರು 100.5ರಿಂದ 102.5ರವರೆಗೆ ಇರುತ್ತದೆ, ಆದ್ದರಿಂದ ಆರೋಗ್ಯವಾಗಿ ಬಿಸಿಲಿನಲ್ಲಿ ಮಲಗಿದ್ದ ಬೆಕ್ಕಿನ ಕಿವಿಯನ್ನು ಮುಟ್ಟಿದರೂ ನಮ್ಮ ಅಂಗೈಗೆ ಅದು ಜ್ವರದಂತೆಯೇ ತೋರುತ್ತದೆ. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡದ ಹೊರತು ಅದಕ್ಕೆ ಜ್ವರವಿದೆ ಎಂದು ನಾನೂ ಹೇಳಲಾರೆ. ಇಲ್ಲದ ಜ್ವರಕ್ಕೆ ವಿಷ ಕುಡಿಸಿದ ಪ್ರಕರಣಗಳು ನನ್ನ ಬಳಿಗೆ ಸಾಕಷ್ಟು ಬಂದಿವೆ.

ನಮ್ಮ ದೇಹವನ್ನು ಸೇರಿದ ಪ್ಯಾರಾಸಿಟಮಾಲ್‌ನ ಹೆಚ್ಚಿನ ಭಾಗವನ್ನು ಯಕೃತ್ತು ಗ್ಲುಕುರಾನಿಕ್ ಆಮ್ಲದೊಂದಿಗೆ ಜೋಡಿಸಿ, ನೀರಿನಲ್ಲಿ ಕರಗುವಂತೆ ಮಾಡಿ, ಮೂತ್ರದ ಮೂಲಕ ಹೊರಗೆ ಸಾಗಿಸುತ್ತದೆ. ಆ ಜೋಡಣೆಯನ್ನು ಮಾಡುವ ಮುಖ್ಯ ಕಿಣ್ವದ ಜೀನ್ ಬೆಕ್ಕಿನ ಕುಟುಂಬದಲ್ಲಿಯೇ ಕೆಟ್ಟು ನಿಷ್ಕ್ರಿಯವಾಗಿದೆ. ಸಿಂಹಕ್ಕೂ ಅದು ಇಲ್ಲ. ಮಾಂಸವನ್ನೇ ತಿಂದು ಬದುಕುವ ಪ್ರಾಣಿಗೆ ಸಸ್ಯಗಳ ವಿಷವನ್ನು ಕಳೆಯುವ ಈ ಸಾಧನ ಹೆಚ್ಚು ಬೇಕಾಗಲಿಲ್ಲವೆಂದು ವಿಜ್ಞಾನಿಗಳು ಊಹಿಸುತ್ತಾರೆ. ಹೀಗೆ ಹೊರಹೋಗಲಾರದ ಔಷಧಿಯು ಜೀವಕೋಶಗಳನ್ನು ಸುಡುವಂಥ ಮತ್ತೊಂದು ರಾಸಾಯನಿಕವಾಗಿ ಮಾರ್ಪಟ್ಟು, ಅದನ್ನು ಶಮನಗೊಳಿಸಬೇಕಾದ ಗ್ಲುಟಾಥಯೋನ್ ಎಂಬ ದ್ರವ್ಯದ ದಾಸ್ತಾನನ್ನು ಮುಗಿಸಿ, ಕೆಂಪು ರಕ್ತಕಣಗಳ ಮೇಲೆ ಬೀಳುತ್ತದೆ. ಹೀಮೋಗ್ಲೋಬಿನ್ನಿನಲ್ಲಿ ಇಂಥ ದಾಳಿಗೆ ಸಿಗುವ ಗಂಧಕದ ಎಡೆಗಳು ಮನುಷ್ಯನಲ್ಲಿ 2, ನಾಯಿಯಲ್ಲಿ 4, ಬೆಕ್ಕಿನಲ್ಲಿ 8. ರಕ್ತ ಕಂದುಬಣ್ಣಕ್ಕೆ ತಿರುಗುತ್ತದೆ, ಆಮ್ಲಜನಕವನ್ನು ಹೊರುವ ಶಕ್ತಿ ಕಳೆದುಕೊಳ್ಳುತ್ತದೆ. ಬೆಕ್ಕು ಗಾಳಿಯ ನಡುವೆಯೇ ಉಸಿರುಗಟ್ಟಿ ಸಾಯುತ್ತದೆ.

‘ಸ್ವಲ್ಪ ಮಾತ್ರ ಕೊಟ್ಟೆವು’ ಎನ್ನುವವರು ಈ ಲೆಕ್ಕವನ್ನು ನೋಡಬೇಕು. 650 ಮಿಲಿಗ್ರಾಂ ಮಾತ್ರೆಯ ಕಾಲು ಭಾಗವೆಂದರೆ ಸುಮಾರು 162 ಮಿಲಿಗ್ರಾಂ. ಮೂರೂವರೆ ಕಿಲೋ ತೂಕದ ಬೆಕ್ಕಿಗೆ ಅದು ಕಿಲೋಗೆ 46 ಮಿಲಿಗ್ರಾಂ ಆಯಿತು. ಐದು ಮಿಲಿಲೀಟರಿಗೆ 250 ಮಿಲಿಗ್ರಾಂ ಇರುವ ಮಕ್ಕಳ ಸಿರಪ್ಪಿನ ಅರ್ಧ ಚಮಚೆಯೂ 125 ಮಿಲಿಗ್ರಾಂ ಆಗುತ್ತದೆ. ಕಿಲೋಗೆ 10 ಮಿಲಿಗ್ರಾಂನಷ್ಟು ಕಡಿಮೆ ಪ್ರಮಾಣದಲ್ಲಿಯೂ ಬೆಕ್ಕುಗಳಲ್ಲಿ ವಿಷಬಾಧೆ ದಾಖಲಾಗಿದೆ. ಮಕ್ಕಳ ಔಷಧಿ ಎಂಬ ಹೆಸರಿನಿಂದ ಅದು ಸೌಮ್ಯವಾಗುವುದಿಲ್ಲ.

ಈಗಾಗಲೇ ಕೊಟ್ಟಿದ್ದರೆ ಲಕ್ಷಣಕ್ಕಾಗಿ ಕಾಯುತ್ತ ಕೂರಬೇಡಿ. ಕೆಲವೇ ಗಂಟೆಗಳಲ್ಲಿ ಒಸಡು ಬೂದಿ ಅಥವಾ ಕಂದುಬಣ್ಣಕ್ಕೆ ತಿರುಗುತ್ತದೆ, ಉಸಿರು ಏರುತ್ತದೆ, ಜೊಲ್ಲು ಸುರಿಯುತ್ತದೆ, ಮುಖ ಮತ್ತು ಪಂಜಗಳು ಊದಿಕೊಳ್ಳುತ್ತವೆ, ಮೂತ್ರ ಕಪ್ಪು ಚಹಾದಂತೆ ಆಗುತ್ತದೆ. ಇವೆಲ್ಲ ಕಾಣಿಸಿಕೊಳ್ಳುವ ಹೊತ್ತಿಗೆ ಅಮೂಲ್ಯವಾದ ಸಮಯ ಕಳೆದಿರುತ್ತದೆ. ಇದಕ್ಕೆ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಪ್ರತ್ಯೌಷಧವಿದೆ. ಮೊದಲು ಕಿಲೋಗೆ 140 ಮಿಲಿಗ್ರಾಂ, ಆಮೇಲೆ ಪ್ರತಿ ಆರು ಗಂಟೆಗೊಮ್ಮೆ 70 ಮಿಲಿಗ್ರಾಂ ಕೊಡುವುದು ರೂಢಿ, ಜೊತೆಗೆ ಆಮ್ಲಜನಕ ಮತ್ತು ಕೆಲವೊಮ್ಮೆ ರಕ್ತವೂ ಬೇಕಾಗುತ್ತದೆ. ಈ ಅಂಕಿಗಳನ್ನು ಬರೆದದ್ದು ನೀವು ಮನೆಯಲ್ಲಿ ಪ್ರಯೋಗ ಮಾಡಲೆಂದಲ್ಲ. ಇದು ಮನುಷ್ಯರ ಔಷಧದಂಗಡಿಯಲ್ಲಿಯೂ ದೊರೆಯುವುದರಿಂದ, ಸಣ್ಣ ಊರಿನ ಪಶುವೈದ್ಯರ ಬಳಿ ದಾಸ್ತಾನಿಲ್ಲದಿದ್ದರೂ ಅವರು ತರಿಸಿಕೊಳ್ಳಬಹುದೆಂದು ತಿಳಿಸಲು ಬರೆದೆ. ಔಷಧಿಯ ಬಾಟಲಿಯನ್ನೋ ಮಾತ್ರೆಯ ಪಟ್ಟಿಯನ್ನೋ ತಪ್ಪದೆ ಕೈಯಲ್ಲಿ ಹಿಡಿದುಕೊಂಡು ಬನ್ನಿ. ಎಷ್ಟು ಹೊತ್ತಿಗೆ, ಎಷ್ಟು ಕೊಟ್ಟಿರಿ ಎಂಬುದನ್ನು ನಾಚಿಕೆಯಿಲ್ಲದೆ ಹೇಳಿ. ಕೆಲವು ವರ್ಷಗಳ ಹಿಂದೆ ಒಬ್ಬರು ‘ಏನೂ ಕೊಟ್ಟಿಲ್ಲ, ಹಾವು ಕಚ್ಚಿರಬಹುದು’ ಎಂದು ಒಂದು ಗಂಟೆ ವಾದಿಸಿ, ಕೊನೆಗೆ ನೋವಿನ ಮಾತ್ರೆಯ ವಿಷಯವನ್ನು ಬಾಯಿಬಿಟ್ಟರು. ಆ ಬೆಕ್ಕು ಉಳಿಯಲಿಲ್ಲ.

ವಾಂತಿ ಮಾಡಿಸಲೆಂದು ಉಪ್ಪುನೀರು ಕುಡಿಸುವ ಪದ್ಧತಿಯನ್ನು ದಯವಿಟ್ಟು ಬಿಡಿ. ರಕ್ತದಲ್ಲಿ ಸೋಡಿಯಂ ಏರಿ ಮಿದುಳಿಗೆ ಹಾನಿಯಾಗುವುದರಿಂದ, ಮೊದಲ ವಿಷದ ಮೇಲೆ ಎರಡನೆಯದನ್ನು ನೀವೇ ಕೊಟ್ಟಂತಾಗುತ್ತದೆ. ಹಾಲು, ಮೊಸರು, ಎಳನೀರು, ಇದ್ದಿಲಪುಡಿ, ಕೊಬ್ಬರಿ ಎಣ್ಣೆ ಇವು ಯಾವುವೂ ಪ್ಯಾರಾಸಿಟಮಾಲ್‌ಗೆ ಮನೆಮದ್ದಲ್ಲ. ‘ವಿಷಕ್ಕೆ ಹಾಲು’ ಎಂದು ಮೊಬೈಲಿನಲ್ಲಿ ಬೋಧಿಸುವ ಮಹಾಶಯರು ರಾತ್ರಿ ಎರಡು ಗಂಟೆಗೆ ನಿಮ್ಮ ಬೆಕ್ಕಿನ ಪಕ್ಕ ಕೂರುವವರಲ್ಲ. ಪ್ರಾಣಿಯ ತೂಕವನ್ನೂ ಕೇಳದೆ ‘ಅರ್ಧ ಹಾಕಿ, ಏನೂ ಆಗಲ್ಲ’ ಎಂದು ಮಾತ್ರೆ ಕತ್ತರಿಸಿಕೊಡುವ ಔಷಧದಂಗಡಿಯವರ ಬಗ್ಗೆ ನನಗೆ ಇನ್ನೂ ಹೆಚ್ಚು ಸಿಟ್ಟಿದೆ.

ನಾಯಿಗೆ ಪಶುವೈದ್ಯರು ತೂಕ ನೋಡಿ ಪ್ಯಾರಾಸಿಟಮಾಲ್ ಕೊಡುವುದುಂಟು. ಆದರೆ ಪ್ರಮಾಣ ಮೀರಿದರೆ ಅದರ ಯಕೃತ್ತು ಕೆಡುತ್ತದೆ. ನಮ್ಮ ನೋವಿನ ಮಾತ್ರೆಗಳಾದ ಐಬುಪ್ರೊಫೆನ್ ಮತ್ತು ಡೈಕ್ಲೋಫೆನಾಕ್‌ಗಳನ್ನು ಎರಡು ಪ್ರಾಣಿಗಳಿಗೂ ಕೊಡಬಾರದು: ಹೊಟ್ಟೆಯಲ್ಲಿ ಹುಣ್ಣು, ರಕ್ತಭೇದಿ, ಮೂತ್ರಪಿಂಡದ ವೈಫಲ್ಯ, ಇದೇ ಅವುಗಳ ಕ್ರಮ. ಡೈಕ್ಲೋಫೆನಾಕ್ ಕೊಟ್ಟ ದನಗಳ ಕಳೇಬರವನ್ನು ತಿಂದು ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತದ್ದರಿಂದಲೇ 2006ರಲ್ಲಿ ಭಾರತದಲ್ಲಿ ಅದರ ಪಶುಬಳಕೆಯನ್ನು ನಿಷೇಧಿಸಲಾಯಿತೆಂಬುದು ನೆನಪಿರಲಿ.

ಪ್ರಶ್ನೆ: ನಾವು ತಿನ್ನುವ ಸಾರು-ಅನ್ನವನ್ನೇ ನಾಯಿಗೂ ಹಾಕುತ್ತೇವೆ. ದ್ರಾಕ್ಷಿ ಒಂದನ್ನು ಬಿಟ್ಟರೆ ಸಾಕಲ್ಲವೇ?

ಉತ್ತರ: ಸಾಲದು. ಈರುಳ್ಳಿ ಮತ್ತು ಬೆಳ್ಳುಳ್ಳಿಯಲ್ಲಿರುವ ಗಂಧಕದ ಸಂಯುಕ್ತಗಳೂ ರಕ್ತಕಣಗಳನ್ನು ಒಡೆಯುತ್ತವೆ, ಮತ್ತು ಬೇಯಿಸಿದರೂ ಹುರಿದರೂ ಅವು ನಾಶವಾಗುವುದಿಲ್ಲ. ನಾಯಿಗೆ ಕಿಲೋಗೆ 15ರಿಂದ 30 ಗ್ರಾಂ, ಬೆಕ್ಕಿಗೆ 5 ಗ್ರಾಂ ಈರುಳ್ಳಿಯೇ ವಿಷವಾಗಲು ಸಾಕು. ನಾಲ್ಕು ಕಿಲೋ ಬೆಕ್ಕಿಗೆ ಅದು ಒಂದು ಸಣ್ಣ ಈರುಳ್ಳಿಯಷ್ಟಾಯಿತು. ಇನ್ನು ದ್ರಾಕ್ಷಿಯು ನಾಯಿಯ ಮೂತ್ರಪಿಂಡವನ್ನು ಏಕೆ ಕೆಡಿಸುತ್ತದೆ ಎಂಬುದು ಬಹುಕಾಲ ತಿಳಿದಿರಲಿಲ್ಲ. 2021ರಲ್ಲಿ ಅಮೆರಿಕದ ವಿಷವೈದ್ಯರು ಅದರಲ್ಲಿರುವ ಟಾರ್ಟಾರಿಕ್ ಆಮ್ಲದ ಕಡೆಗೆ ಬೆರಳು ತೋರಿಸಿದರು. ಅದೇ ಆಮ್ಲ ಹೇರಳವಾಗಿರುವುದು ನಮ್ಮ ಹುಣಸೆಹಣ್ಣಿನಲ್ಲಿ, ಮತ್ತು ಹುಣಸೆ ತಿಂದ ನಾಯಿಗಳಲ್ಲಿಯೂ ಅಂಥದೇ ಮೂತ್ರಪಿಂಡದ ಹಾನಿ ವರದಿಯಾಗಿದೆ. ಆದ್ದರಿಂದ ಪುಳಿಯೋಗರೆ, ಗೊಜ್ಜುಗಳನ್ನು ನಾಯಿಯ ತಟ್ಟೆಗೆ ಸುರಿಯಬೇಡಿ, ನೆನೆಹಾಕಿದ ಹುಣಸೆಯನ್ನು ಅದರ ಬಾಯಿಗೆ ಎಟುಕುವಲ್ಲಿ ಇಡಬೇಡಿ. ಪಾಯಸದ ಒಣದ್ರಾಕ್ಷಿಗೂ ಇದೇ ಮಾತು ಅನ್ವಯಿಸುತ್ತದೆ. ಅನ್ನಕ್ಕೆ ಬೇಯಿಸಿದ ಮೊಟ್ಟೆಯನ್ನೋ ಉಪ್ಪು-ಖಾರವಿಲ್ಲದ ಮಾಂಸವನ್ನೋ ಕಲಸಿ ಹಾಕುವುದು ಅಷ್ಟೇನೂ ಕಷ್ಟದ ಕೆಲಸವಲ್ಲ.

ಪ್ರಶ್ನೆ: ನಾಯಿಯ ರಕ್ತ ಹೀರುವ ಉಣ್ಣಿಗೆ ತಂದ ಹನಿ ಔಷಧಿ ಉಳಿದಿದೆ. ಬೆಕ್ಕಿನ ಬೆನ್ನಿಗೂ ಹಾಕಬಹುದೇ?

ಉತ್ತರ: ಅದರಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇದ್ದರೆ ಬೆಕ್ಕಿಗೆ ನಡುಕ, ಸೆಳವು ಬಂದು ಸಾಯಬಹುದು, ಹಾಕಬೇಡಿ.

ಪ್ರಶ್ನೆ: ಕಜ್ಜಿಗೆ ಗ್ಯಾರೇಜಿನ ಹಳೆಯ ಎಂಜಿನ್ ಆಯಿಲ್ ಹಚ್ಚಿದರೆ ವಾಸಿಯಾಗುತ್ತದಂತೆ?

ಉತ್ತರ: ಯಾರು ಹೇಳಿದರೋ ಅವರ ಮೈಗೆ ಮೊದಲು ಹಚ್ಚಿ ನೋಡಿ.

ಪ್ರಶ್ನೆ: ನೆಲಕ್ಕೆ ಫಿನಾಯಿಲ್ ಹಾಕಿದರೆ ತೊಂದರೆಯೇ? ಬೆಕ್ಕು ನೆಲವನ್ನೇನೂ ನೆಕ್ಕುವುದಿಲ್ಲ.

ಉತ್ತರ: ನೆಲವನ್ನು ನೆಕ್ಕುವುದಿಲ್ಲ, ಪಂಜವನ್ನು ನೆಕ್ಕುತ್ತದೆ. ಫೀನಾಲಿನಂಥ ದ್ರವ್ಯಗಳನ್ನು ಕಳೆಯುವುದಕ್ಕೂ ಮೇಲೆ ಹೇಳಿದ ಕಿಣ್ವವೇ ಬೇಕು. ಒರೆಸಿದ ಮೇಲೆ ಶುದ್ಧ ನೀರಿನಿಂದ ಇನ್ನೊಮ್ಮೆ ಒರೆಸಿ, ನೆಲ ಒಣಗುವವರೆಗೆ ಬೆಕ್ಕನ್ನು ಬೇರೆ ಕೋಣೆಯಲ್ಲಿಡಿ. ಬಟ್ಟೆಯ ಕಪಾಟಿನ ನುಸಿಗುಳಿಗೆಯೂ ಅದರ ಕೈಗೆ ಸಿಗಬಾರದು.

ಪ್ರಶ್ನೆ: ನಾಯಿ ಇಲಿ ಪಾಷಾಣದ ಬಿಲ್ಲೆ ತಿಂದು ಎರಡು ದಿನವಾಯಿತು. ಲವಲವಿಕೆಯಿಂದಿದೆ. ಗಂಡಾಂತರ ಕಳೆಯಿತೇ?

ಉತ್ತರ: ಇನ್ನೂ ಆರಂಭವೇ ಆಗಿಲ್ಲದಿರಬಹುದು. ಬ್ರೋಮಡಯೋಲೋನ್ ಇರುವ ಬಿಲ್ಲೆಗಳು ರಕ್ತ ಹೆಪ್ಪುಗಟ್ಟಲು ಬೇಕಾದ ಕೆ ಜೀವಸತ್ವದ ಬಳಕೆಯನ್ನು ತಡೆಯುತ್ತವೆ; ದೇಹದಲ್ಲಿ ಮೊದಲೇ ಇದ್ದ ಅಂಶಗಳು ಮುಗಿದ ಮೇಲೆ, ಅಂದರೆ ಸಾಮಾನ್ಯವಾಗಿ ಮೂರರಿಂದ ಐದನೆಯ ದಿನಕ್ಕೆ, ಒಳಗೊಳಗೇ ರಕ್ತಸ್ರಾವ ಶುರುವಾಗುತ್ತದೆ. ಕೆ1 ಜೀವಸತ್ವವನ್ನು ವಾರಗಟ್ಟಲೆ ಕೊಟ್ಟರೆ ನಾಯಿ ಬದುಕುತ್ತದೆ, ಆದ್ದರಿಂದ ಇಂದೇ ಹೊರಡಿ. ಪಾಷಾಣದಲ್ಲಿ ಜಿಂಕ್ ಫಾಸ್ಫೈಡ್ ಇದ್ದರೆ ಮಾತ್ರ ಚಿಕಿತ್ಸೆಯೇ ಬೇರೆ: ಹೊಟ್ಟೆಯ ಆಮ್ಲ ತಾಗಿ ಅದು ವಿಷಾನಿಲವಾಗುವುದರಿಂದ, ಅದನ್ನು ತಿಂದ ಕೂಡಲೇ ನಾಯಿಗೆ ಊಟ ಹಾಕಬಾರದು, ಕಿಟಕಿ ಮುಚ್ಚಿದ ಕಾರಿನಲ್ಲಿ ಅದರ ವಾಂತಿಯ ಪಕ್ಕ ನೀವೂ ಕೂರಬಾರದು. ಎರಡರಲ್ಲಿ ಯಾವುದೆಂದು ಪೊಟ್ಟಣವನ್ನು ನೋಡದೆ ಹೇಳಲಾಗುವುದಿಲ್ಲ. ಕಸದ ಬುಟ್ಟಿಯಲ್ಲಿದ್ದರೂ ಅದನ್ನು ಹುಡುಕಿ ತನ್ನಿ.