ಲಾಂಚ್ ಪ್ಯಾಡ್ ಸುತ್ತ ಊರು ಕಟ್ಟಬಹುದಾ?

ಪ್ರಶ್ನೆ: ನಾನು ಆರ್ಕಿಟೆಕ್ಚರ್ ಕೊನೆಯ ವರ್ಷದ ವಿದ್ಯಾರ್ಥಿನಿ. ಬಾಹ್ಯಾಕಾಶ ಪ್ರವಾಸಕ್ಕೆಂದೇ ಒಂದು ಊರನ್ನು ವಿನ್ಯಾಸ ಮಾಡುವುದು ನನ್ನ ಥೀಸಿಸ್. ನಡುವೆ ಲಾಂಚ್ ಪ್ಯಾಡ್, ಸುತ್ತ 500 ಕೋಣೆಗಳ ಹೋಟೆಲ್, ಮನೆಗಳು, ಮಾರ್ಕೆಟ್. ಗೈಡ್ ಒಪ್ಪುತ್ತಿಲ್ಲ. ಎಲ್ಲಿ ತಪ್ಪಿದೆ?
– ಓದುಗರು, ಹಾಸನ

ಉತ್ತರ: ನಿಮ್ಮ ಗೈಡ್ ಸುಮ್ನೆ ತಕರಾರು ತೆಗೆಯುತ್ತಿಲ್ಲ. ಊರ ನಡುವೆ ದೇವಸ್ಥಾನ ಇಟ್ಟ ಹಾಗೆ ಲಾಂಚ್ ಪ್ಯಾಡ್ ಇಡೋಕಾಗಲ್ಲ. ಅದು ಜನರನ್ನು ದೂರ ಇಡುವ ಜಾಗ. ಶ್ರೀಹರಿಕೋಟಾ ನೋಡಿ. ರಾಕೆಟ್ ಹಾರುವುದು ದ್ವೀಪದಿಂದ. ಸಿಬ್ಬಂದಿಯ ದೊಡ್ಡ ಕಾಲೊನಿ ಇರುವುದು ಪುಲಿಕಾಟ್ ಸರೋವರದ ಈಚೆ, ಸೂಳ್ಳೂರುಪೇಟೆಯಲ್ಲಿ.

ಈಗ ಹೋಟೆಲ್ ಲೆಕ್ಕ. ಅಮೆರಿಕದ ನ್ಯೂ ಮೆಕ್ಸಿಕೋ ಮರುಭೂಮಿಯಲ್ಲಿ ಸ್ಪೇಸ್‌ಪೋರ್ಟ್ ಅಮೆರಿಕ ಅನ್ನೋ ಬಾಹ್ಯಾಕಾಶ ಹಾರಾಟದ ತಾಣ ಇದೆ. ಸುಮಾರು 22 ಕೋಟಿ ಡಾಲರ್ ಸರ್ಕಾರಿ ದುಡ್ಡಲ್ಲಿ ಕಟ್ಟಿದ್ದು. ಅಕ್ಕಪಕ್ಕದ ಎರಡು ಕೌಂಟಿಗಳ (ನಮ್ಮ ಜಿಲ್ಲೆ ಇದ್ದ ಹಾಗೆ) ಜನ 2007 ಮತ್ತು 2008ರಲ್ಲಿ ಮತ ಹಾಕಿ, 100 ಡಾಲರ್ ವ್ಯಾಪಾರಕ್ಕೆ 25 ಸೆಂಟ್ ಹೆಚ್ಚು ತೆರಿಗೆ ಕಟ್ಟಲು ಒಪ್ಪಿದರು. ಅಲ್ಲಿಂದ ಪ್ರವಾಸಿಗರನ್ನು ಬಾಹ್ಯಾಕಾಶಕ್ಕೆ ಕರೆದೊಯ್ಯುವ ಕಂಪನಿ ವರ್ಜಿನ್ ಗ್ಯಾಲಕ್ಟಿಕ್‌ನ ವಾಣಿಜ್ಯ ಹಾರಾಟ ಶುರುವಾಗಿದ್ದು 2023ರ ಜೂನ್‌ನಲ್ಲಿ. ಒಂದು ವರ್ಷದಲ್ಲಿ ಏಳು ಹಾರಾಟ ಆಯಿತು. ಅವರ ಯೂನಿಟಿ ನೌಕೆಯ ಕ್ಯಾಬಿನ್‌ನಲ್ಲಿ ನಾಲ್ಕೇ ಸೀಟು. ಎಲ್ಲ ಸೇರಿಸಿದರೂ 28 ಜನ ದಾಟಲ್ಲ. ಆಮೇಲೆ ಹೊಸ ನೌಕೆ ಕಟ್ಟಲೆಂದು ಹಾರಾಟ ನಿಲ್ಲಿಸಿದರು. ನಿಮ್ಮ 500 ಕೋಣೆಯಲ್ಲಿ ಯಾರು ಮಲಗುತ್ತಾರೆ?

ಅಲ್ಲಿಂದ ಸುಮಾರು 50 ಕಿ.ಮೀ. ದೂರದಲ್ಲಿ ಟ್ರೂತ್ ಆರ್ ಕಾನ್ಸಿಕ್ವೆನ್ಸಸ್ ಅನ್ನೋ ಪುಟ್ಟ ಊರಿದೆ. 1950ರಲ್ಲಿ ರೇಡಿಯೋ ಕ್ವಿಜ್ ಶೋ ಒಂದರ ಹೆಸರನ್ನೇ ಇಟ್ಟುಕೊಂಡ ಊರು, ಇರಲಿ ಬಿಡಿ. ಹಿಂದಿನಿಂದಲೂ ಅಲ್ಲಿಗೆ ಜನ ಬರುವುದು ಬಿಸಿನೀರಿನ ಬುಗ್ಗೆಗಳಿಗೆ. ನಾನಾಗಿದ್ದರೆ ಮರುಭೂಮಿಯಲ್ಲಿ ಹೊಸ ಊರು ಕಟ್ಟುವ ಬದಲು, ಇಂಥ ಹಳೇ ಊರಿಗೆ ಒಳ್ಳೆ ರಸ್ತೆ, ಶಾಲೆ, ಬಾಡಿಗೆ ಮನೆ ಸೇರಿಸುತ್ತಿದ್ದೆ. ಯಾಕಂದ್ರೆ ವರ್ಷಪೂರ್ತಿ ಇರುವವರು ಟೆಕ್ನಿಷಿಯನ್‌ಗಳು, ಅಡುಗೆಯವರು, ಸೆಕ್ಯೂರಿಟಿಯವರು. ಟಿಕೆಟ್ ಕೊಂಡವರು ಬಂದು ಹೋಗುವವರು.

ಪ್ಯಾಡ್ ಹತ್ತಿರವೇ ವಾಸ ಮಾಡಿದರೆ ಏನಾಗುತ್ತೆ ಅನ್ನೋದಕ್ಕೆ ಟೆಕ್ಸಾಸ್‌ನ ಬೋಕಾ ಚಿಕಾ ನೋಡಿ. ಕೆಲವೇ ಮನೆಗಳ ಹಳ್ಳಿ, ನೀರು ಟ್ಯಾಂಕರಲ್ಲಿ ಬರುತ್ತಿತ್ತು. ರಾಕೆಟ್ ಕಂಪನಿ ಸ್ಪೇಸ್‌ಎಕ್ಸ್ ಒಂದೊಂದೇ ಮನೆ ಕೊಂಡುಕೊಂಡಿತು. ಪರೀಕ್ಷೆ, ಲಾಂಚ್ ಇದ್ದಾಗ ಬೀಚಿಗೆ ಹೋಗುವ ಒಂದೇ ಒಂದು ರಸ್ತೆಯೂ ಬಂದ್. 2023ರ ಏಪ್ರಿಲ್‌ನಲ್ಲಿ ಆ ಕಂಪನಿಯ ಸ್ಟಾರ್‌ಶಿಪ್ ರಾಕೆಟ್ ಮೇಲೇಳುವಾಗ ಪ್ಯಾಡಿನ ಕಾಂಕ್ರೀಟೇ ಕಿತ್ತುಬಂತು. ಸುಮಾರು 10 ಕಿ.ಮೀ. ಆಚೆಯ ಪೋರ್ಟ್ ಇಸಬೆಲ್ ಪಟ್ಟಣದಲ್ಲಿ ಕಾರುಗಳ ಮೇಲೆ ಮರಳಿನಂಥ ಧೂಳು ಕೂತಿತು. 2025ರ ಮೇನಲ್ಲಿ ಆ ಜಾಗವೇ ಸ್ಟಾರ್‌ಬೇಸ್ ಅನ್ನೋ ನಗರವಾಯಿತು. ಮತ ಹಾಕಿದವರಲ್ಲಿ ಜಾಸ್ತಿ ಜನ ಕಂಪನಿಯವರೇ. ಬೀಚ್ ಯಾರದ್ದು ಅನ್ನೋ ಜಗಳ ಅಲ್ಲಿ ಮುಗಿದಿಲ್ಲ. ನಿಮ್ಮ ಊರಲ್ಲೂ ಮೀನು ಹಿಡಿಯುವವರು, ಕುರಿ ಮೇಯಿಸುವವರು ಯಾರಾದರೂ ಇದ್ದೇ ಇರ್ತಾರೆ ಅಲ್ವಾ? ಅವರನ್ನು ನಕ್ಷೆಯಲ್ಲಿ ಗುರುತಿಸಿ.

ಮುಂದಿನ ರಿವ್ಯೂಗೆ ಹೋಟೆಲ್‌ನ ಡ್ರಾಯಿಂಗ್ ಶೀಟ್ ಬೇಡ. ನೀರು ಎಲ್ಲಿಂದ ಬರುತ್ತೆ, ಲಾಂಚ್ ದಿನ ರಸ್ತೆ ಮುಚ್ಚಿದರೆ ಆಂಬುಲೆನ್ಸ್ ಯಾವ ದಾರೀಲಿ ಹೋಗುತ್ತೆ – ಈ ಎರಡು ಶೀಟ್ ತಗೊಂಡು ಹೋಗಿ.